ಮೊಳೆ ಹೊಡೆಯದ ತೇರು

ಜಪಾನಿಗೆ ಹೊರಟವರ ಪಟ್ಟಿಯಲ್ಲಿ ಕ್ಯೋಟೊ ನಗರದ ಗಿಯೊನ್ ಮತ್ಸುರಿಗೆ ಸಾಮಾನ್ಯವಾಗಿ ಒಂದೇ ಸಾಲಿನ ಜಾಗ ಸಿಗುತ್ತದೆ: ಜುಲೈ 17, ಬೆಳಗ್ಗೆ 9 ಗಂಟೆ, ಶಿಜೊ-ಕಾರಾಸುಮ ವೃತ್ತ, ತೇರುಗಳ ಮೆರವಣಿಗೆ. ಅದನ್ನು ನಂಬಿ ಹೋದವರು ಎರಡು ಮೂರು ಗಂಟೆ ಬಿಸಿಲಲ್ಲಿ ನಿಂತು, ಮುಂದಿನವರ ತಲೆಗಳ ಮೇಲಿಂದ ಫೋನು ಎತ್ತಿ ಹಿಡಿದು, ಸಾಲಾಗಿ ಬರುವ 23 ತೇರುಗಳ ಚಿತ್ರ ತೆಗೆದುಕೊಂಡು ಊಟಕ್ಕೆ ಚದುರುತ್ತಾರೆ. ಹಬ್ಬ ಮುಗಿಯಿತು ಅಂದುಕೊಳ್ಳುತ್ತಾರೆ. ಅದೇ ಹೊತ್ತಿಗೆ, ಅವರು ಊಟಕ್ಕೆ ಕೂತಲ್ಲಿಂದ ಎರಡು ಬೀದಿ ಆಚೆ, ಈಗಷ್ಟೇ ಮೆರೆದು ಬಂದ ತೇರಿನ ಪರದೆಗಳನ್ನು ಇಳಿಸಿ, ಹಗ್ಗ ಬಿಚ್ಚಿ, ಕಂಬ ಕೆಡವುವ ಕೆಲಸ ಶುರುವಾಗಿರುತ್ತದೆ. ನೋಡುವವರು ಬೆರಳೆಣಿಕೆಯಷ್ಟು.

ಇದು ನನ್ನನ್ನು ಬಹಳ ಕಾಡುತ್ತದೆ. ಈ ಹಬ್ಬದಲ್ಲಿ ಮೆರವಣಿಗೆಗೆ ಎಷ್ಟು ಅರ್ಥವಿದೆಯೋ, ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಅಷ್ಟೇ ಅರ್ಥವಿದೆ. ನನ್ನನ್ನು ಕೇಳಿದರೆ ಹೆಚ್ಚೇ ಇದೆ. ಮೆರವಣಿಗೆ ನೋಡಲು ಜಾಗ ಹಿಡಿಯಬೇಕು, ದುಡ್ಡು ಕೊಟ್ಟು ಕುರ್ಚಿ ಕಾದಿರಿಸಬೇಕು. ಕಟ್ಟುವುದು ಬಿಚ್ಚುವುದು ನಡೆಯುವುದು ನಡುಬೀದಿಯಲ್ಲಿ, ಯಾರು ಬೇಕಾದರೂ ನಾಲ್ಕು ಅಡಿ ದೂರದಲ್ಲಿ ನಿಂತು ನೋಡಬಹುದು. ಗಿಯೊನ್ ಹಬ್ಬ ಒಂದು ದಿನದ್ದಲ್ಲ, ಜುಲೈ 1ರಿಂದ 31ರ ತನಕ ಇಡೀ ತಿಂಗಳಿನದು. ಒಂದು ಬೆಳಗ್ಗೆಯನ್ನಷ್ಟೇ ನೋಡಿ ಬಂದರೆ ತಿಂಗಳ ಹಬ್ಬದ ಒಂದು ತುಣುಕು ಸಿಗುತ್ತದೆ, ಅದು ಯಾಕೆ ನಡೆಯುತ್ತದೆ ಅನ್ನುವುದು ಸಿಗುವುದಿಲ್ಲ.

ಹೆಸರಿನೊಳಗಿನ ಜೇತವನ

'ಗಿಯೊನ್' ಎಂಬ ಹೆಸರು ನಮ್ಮ ದೇಶದಿಂದ ಹೋದದ್ದು. ಶ್ರಾವಸ್ತಿಯಲ್ಲಿ ಜೇತ ರಾಜಕುಮಾರನ ತೋಪನ್ನು ಅನಾಥಪಿಂಡಿಕ ಎಂಬ ವರ್ತಕ ಕೊಂಡು ಬುದ್ಧನಿಗೆ ಒಪ್ಪಿಸಿದ ಕಥೆ ನಮಗೆ ಗೊತ್ತು. ಆ ಜೇತವನದ ಹೆಸರು ಚೀನಿ ಲಿಪಿಯಲ್ಲಿ ಮೊಟಕಾಗುತ್ತಾ ಬಂದು ಜಪಾನಿನಲ್ಲಿ 'ಗಿಯೊನ್' ಆಯಿತು. ಜೇತವನವನ್ನು ಕಾಯುವವನೆಂದು ನಂಬಿದ್ದ ಗೋಜು ತೆನ್ನೊ ಎಂಬ ಗೂಳಿತಲೆಯ ದೇವರು ಕ್ಯೋಟೊದಲ್ಲಿ ಈ ಹಬ್ಬ ಸೇರಿದ ಗುಡಿಯಲ್ಲಿ ನೆಲೆಸಿದ. ರೋಗ ತರುವವನೂ ಅವನೇ, ತಡೆಯುವವನೂ ಅವನೇ. ಕಾಲಕ್ರಮದಲ್ಲಿ ಅವನು ಜಪಾನಿನ ಸುಸಾನೊಒ ದೇವರೊಂದಿಗೆ ಒಂದಾದ. 1868ರಲ್ಲಿ ಮೇಜಿ ಸರ್ಕಾರ ಬೌದ್ಧ ದೇವರುಗಳನ್ನೂ ಜಪಾನಿನ ಮೂಲಧರ್ಮವಾದ ಶಿಂತೊದ ದೇವರುಗಳನ್ನೂ ಬೇರ್ಪಡಿಸಲು ಹೊರಟಾಗ ಗುಡಿಯ ಹೆಸರು ಯಾಸಕ ಎಂದು ಬದಲಾಯಿತು. ಹಬ್ಬಕ್ಕೆ ಮಾತ್ರ ಹಳೆಯ ಹೆಸರೇ ಉಳಿಯಿತು.

869ರಲ್ಲಿ ಊರೂರುಗಳಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ, ಆಗಿನ ಜಪಾನಿನ 66 ಪ್ರಾಂತಗಳ ಲೆಕ್ಕಕ್ಕೆ 66 ಭರ್ಜಿಗಳನ್ನು ಅರಮನೆಯ ಶಿನ್‌ಸೆನ್‌ಎನ್ ತೋಟದಲ್ಲಿ ನೆಟ್ಟು ಪೂಜಿಸಿದ್ದು ಹಬ್ಬದ ಮೂಲ ಎನ್ನುತ್ತಾರೆ. ಭರ್ಜಿಗೆ ಅವರ ಮಾತಿನಲ್ಲಿ 'ಹೊಕೊ'. ಇವತ್ತು ಬೀದಿಯಲ್ಲಿ ಬರುವ ದೊಡ್ಡ ತೇರಿಗೂ ಹೊಕೊ ಎಂದೇ ಹೆಸರು, ಯಾಕೆಂದರೆ ಅದು ಚಕ್ರ ಬಂದ ಭರ್ಜಿಯೇ. ಮೇಲಿನ ಚೂಪು ತುದಿ ಗಾಳಿಯಲ್ಲಿ ಅಲೆಯುವ ರೋಗದ ಶಕ್ತಿಗಳನ್ನು ತನ್ನತ್ತ ಸೆಳೆಯಬೇಕು. ಗಂಟೆ, ಕೊಳಲು, ಬಣ್ಣದ ಜವಳಿ ಎಲ್ಲವೂ ಅವುಗಳನ್ನು ಪುಸಲಾಯಿಸಿ ಕರೆಯುವುದಕ್ಕೆ. ಹಾಗೆ ಕರೆದು ತುಂಬಿಕೊಂಡ ಮೇಲೆ ತೇರನ್ನು ಬೀದಿಯಲ್ಲಿ ನಿಲ್ಲಿಸಿಕೊಂಡಿದ್ದರೆ ಎಲ್ಲವೂ ಮತ್ತೆ ಊರಿಗೇ ಚೆಲ್ಲುತ್ತದೆ. ಅದಕ್ಕೇ ಮರಳಿದ ಕೂಡಲೇ ಬಿಚ್ಚಬೇಕು. ಮಾರಿಯನ್ನು ಕರೆದು, ಮೆರೆಸಿ, ಗಡಿ ದಾಟಿಸುವ ಹಬ್ಬಗಳನ್ನು ಕಂಡ ನಮಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳುಹಿಸಿಕೊಡುವುದನ್ನು ಬಿಟ್ಟು ಕರೆಯುವುದನ್ನಷ್ಟೇ ಮಾಡಿದರೆ ಅದು ಅರ್ಧ ಕೆಲಸ.

ಹಗ್ಗದ ಕೆಲಸ

ದೊಡ್ಡ ಹೊಕೊ ನೆಲದಿಂದ ತುದಿಯ ತನಕ ಸುಮಾರು 25 ಮೀಟರ್ ಎತ್ತರ. ಜನ ಹತ್ತಿದ ಮೇಲೆ ತೂಕ 12 ಟನ್ ಮುಟ್ಟುತ್ತದೆ. ಚಕ್ರಗಳ ಅಡ್ಡಳತೆ ಸುಮಾರು 2 ಮೀಟರ್. ಇಷ್ಟು ದೊಡ್ಡ ಚೌಕಟ್ಟನ್ನು ಕಟ್ಟುವಾಗ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಬಳಸುವುದು ಭತ್ತದ ಹುಲ್ಲಿನ ಹಗ್ಗ. ಈ ವಿದ್ಯೆಗೆ 'ನವಗರಮಿ' ಎಂದು ಹೆಸರು, ಹಗ್ಗದಿಂದ ಹೆಣೆಯುವುದು ಎಂದರ್ಥ.

ಮೆರವಣಿಗೆ ಎರಡು, 17ರಂದು ಒಂದು, 24ರಂದು ಇನ್ನೊಂದು. ಮೊದಲ ಮೆರವಣಿಗೆಯ ಹೊಕೊಗಳ ಕೆಲಸ ಜುಲೈ 10ರ ಬೆಳಗ್ಗೆ ಶುರುವಾಗುತ್ತದೆ. ಕೇರಿಯ ಉಗ್ರಾಣದಿಂದ ಕಂಬ, ತೊಲೆ, ಅಡ್ಡಪಟ್ಟಿಗಳು ಹೊರಬರುತ್ತವೆ. ಪ್ರತಿಯೊಂದರ ಮೇಲೂ ಯಾವುದು ಯಾವ ಮೂಲೆಗೆ ಎಂಬ ಗುರುತು ಇರುತ್ತದೆ. ನಾಲ್ಕು ಕಂಬ ನಿಲ್ಲಿಸಿ, ತೂತುಗಳಲ್ಲಿ ಅಡ್ಡಪಟ್ಟಿ ತೂರಿಸಿ, ಓರೆಗೂಟ ಕೊಟ್ಟು ಡಬ್ಬಿಯಾಕಾರದ ಚೌಕಟ್ಟು ಮಾಡುತ್ತಾರೆ. ಈ ಹಂತದಲ್ಲಿ ಅಲುಗಾಡಿಸಿದರೆ ಎಲ್ಲ ಸಂದುಗಳೂ ಸಡಿಲ. ಆಮೇಲೆ ಹಗ್ಗ. ಒಂದು ಸಂದಿಗೆ ಇಬ್ಬರು ಕೂರುತ್ತಾರೆ. ಒಬ್ಬ ಸುತ್ತುತ್ತಾನೆ, ಇನ್ನೊಬ್ಬ ಹಗ್ಗದ ತುದಿಯನ್ನು ಕೋಲಿಗೆ ಸಿಕ್ಕಿಸಿ ಮೈಭಾರ ಹಾಕಿ ಎಳೆಯುತ್ತಾನೆ. ಪ್ರತಿ ಸುತ್ತಿಗೂ ಮರದ ಸುತ್ತಿಗೆಯಿಂದ ಹಗ್ಗವನ್ನು ಬಡಿದು ಹಿಂದಿನ ಸುತ್ತಿನ ಪಕ್ಕಕ್ಕೆ ಒತ್ತುತ್ತಾರೆ. ಸುತ್ತಿನ ಮೇಲೆ ಸುತ್ತು ಏರಬಾರದು. ಏರಿದರೆ ಮೇಲಿನದು ಬಿಗಿಯಾಗಿದ್ದರೂ ಕೆಳಗಿನದು ಸಡಿಲವಾಗಿಯೇ ಉಳಿದು, ಭಾರ ಬಿದ್ದಾಗ ಜಾರಿ ಇಡೀ ಕಟ್ಟೇ ಸೋಲುತ್ತದೆ. ಸಾಲು ಪೂರ್ತಿಯಾದ ಮೇಲೆ ಸುತ್ತುಗಳ ನಡುವಿನಿಂದ ಅಡ್ಡಲಾಗಿ ಹಗ್ಗ ಹಾಯಿಸಿ ಸೊಂಟ ಬಿಗಿದ ಹಾಗೆ ಬಿಗಿಯುತ್ತಾರೆ. ನಿಜವಾದ ಗಟ್ಟಿತನ ಬರುವುದು ಈ ಅಡ್ಡಬಿಗಿಯಿಂದ. ಕೊನೆಯ ತುದಿಗೆ ಗಂಟು ಕಾಣುವುದಿಲ್ಲ, ಸುತ್ತುಗಳ ಒಳಗೇ ಸೇರಿಹೋಗುತ್ತದೆ.

ಹಾಗೆ ಮುಗಿದ ಕಟ್ಟು ನೋಡಲು ನೇಯ್ಗೆಯಂತೆ ಇರುತ್ತದೆ. ಕೆಲವು ವಿನ್ಯಾಸಗಳಿಗೆ ಚಿಟ್ಟೆ, ಸಿಗಡಿ ಎಂಬಂಥ ಹೆಸರುಗಳಿವೆ. ಮೆರವಣಿಗೆಯ ದಿನ ಇವೆಲ್ಲ ಜವಳಿಯ ಹಿಂದೆ ಮುಚ್ಚಿಹೋಗುತ್ತವೆ. ಯಾರ ಕಣ್ಣಿಗೂ ಬೀಳದ ಸಂದಿಯನ್ನು ಇಷ್ಟು ಚಂದ ಕಟ್ಟುವವರ ಮೇಲೆ ನನಗೆ ಅಪಾರ ಗೌರವ. ಅದನ್ನು ಹೊಸದಾಗಿ ಕಟ್ಟಿದಂತೆಯೇ ನೋಡಬೇಕೆಂದರೆ ಕಟ್ಟುವ ದಿನಗಳಲ್ಲೇ ಹೋಗಬೇಕು.

ಮೊಳೆ ಯಾಕೆ ಬೇಡ? ಮೊದಲ ಕಾರಣ, ವರ್ಷ ವರ್ಷ ಬಿಚ್ಚಬೇಕು. ಮೊಳೆ ಹೊಡೆದು ಕಿತ್ತ ಮರ ಹತ್ತು ವರ್ಷಕ್ಕೆ ಜಾಳಾಗುತ್ತದೆ, ಹಗ್ಗ ಕಟ್ಟಿದ ಮರ ತಲೆಮಾರುಗಳನ್ನು ಕಾಣುತ್ತದೆ. ಇನ್ನೊಂದು ಕಾರಣ ಮರದ ಚಕ್ರದಲ್ಲಿದೆ. ಈ ತೇರಿಗೆ ಸ್ಪ್ರಿಂಗ್ ಇಲ್ಲ, ರಬ್ಬರ್ ಇಲ್ಲ. ರಸ್ತೆಯ ಪ್ರತಿ ಕುಲುಕೂ ನೇರವಾಗಿ ಚೌಕಟ್ಟಿಗೆ ಏರುತ್ತದೆ. ಮೇಲೆ ಉದ್ದನೆಯ ಕಂಬ ತೂಗಾಡುತ್ತಿರುತ್ತದೆ. ಸಂದುಗಳು ಬಿಗಿದ ಕಬ್ಬಿಣದಂತೆ ನಿಂತಿದ್ದರೆ ಮರ ಸೀಳುತ್ತದೆ. ಹುಲ್ಲುಹಗ್ಗ ಕೂದಲೆಳೆಯಷ್ಟು ಹಿಗ್ಗಿ ಮತ್ತೆ ಕುಗ್ಗುತ್ತದೆ, ಚೌಕಟ್ಟು ತಿರುಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ತೇರು ನಡೆಯುವಾಗ ಹತ್ತಿರದಲ್ಲಿದ್ದರೆ ಈ ತಿರುಚುವಿಕೆ ಕಿರ್ರ್ ಎಂದು ಕಿವಿಗೇ ಕೇಳುತ್ತದೆ. ಅದು ಕಟ್ಟು ಬಿಟ್ಟುಕೊಳ್ಳುವ ಸದ್ದಲ್ಲ, ಕಟ್ಟು ತನ್ನ ಕೆಲಸ ಮಾಡುತ್ತಿರುವ ಸದ್ದು.

ಇಡೀ ತಿಂಗಳಲ್ಲಿ ನಾನು ಅತಿ ದೊಡ್ಡದೆಂದು ಎಣಿಸುವ ಗಳಿಗೆ ಕಂಬ ಎಬ್ಬಿಸುವುದು. ಕಟ್ಟಿದ ಚೌಕಟ್ಟನ್ನು ನಡುಬೀದಿಯಲ್ಲಿ ಅಡ್ಡ ಮಲಗಿಸುತ್ತಾರೆ. 'ಶಿಂಗಿ' ಎಂಬ ಉದ್ದನೆಯ ನಡುಗಂಬವನ್ನು ಅದರೊಳಗೆ ತೂರಿಸಿ, ತುದಿಗೆ ಲಾಂಛನ, ಅದರ ಕೆಳಗೆ ಪುಟ್ಟ ದೇವಬೊಂಬೆ, ಸಕಾಕಿ ಮರದ ಎಲೆಗೊಂಚಲು ಎಲ್ಲವನ್ನೂ ನೆಲದ ಮೇಲಿರುವಾಗಲೇ ಕಟ್ಟುತ್ತಾರೆ, ಆಮೇಲೆ ಅಲ್ಲಿಗೆ ಕೈ ಎಟುಕುವುದಿಲ್ಲ. ಬಳಿಕ ಹಗ್ಗ ಹಾಕಿ ನಿಧಾನಕ್ಕೆ ಎಳೆಯುತ್ತಾರೆ. ಮಲಗಿದ ಚೌಕಟ್ಟು ಏಳುತ್ತಾ ಏಳುತ್ತಾ ಅದರ ಜೊತೆಗೆ ಕಂಬವೂ ಅಕ್ಕಪಕ್ಕದ ಕಚೇರಿ ಕಟ್ಟಡಗಳ ಕಿಟಕಿಗಳನ್ನು ಒಂದೊಂದೇ ಮಹಡಿ ದಾಟುತ್ತಾ ಮೇಲೇರುತ್ತದೆ. ಕೆಲಸ ಬಿಟ್ಟು ಕಿಟಕಿಗೆ ಬಂದವರು, ಬೀದಿಯಲ್ಲಿ ನಿಂತವರು, ಎಲ್ಲರೂ ಮೌನ. ಕಂಬ ನೆಟ್ಟಗಾದಾಗ ಒಮ್ಮೆ ಚಪ್ಪಾಳೆ. ಹಿಂದಕ್ಕೆ ಹಿಡಿಯುವ ಹಗ್ಗದವರು ಆ ಕೊನೆಯ ಕೆಲವು ಅಡಿಗಳಲ್ಲಿ ಎಚ್ಚರ ತಪ್ಪಿದರೆ ಎಬ್ಬಿಸಿದ ವೇಗಕ್ಕೇ ಕಂಬ ಇನ್ನೊಂದು ಬದಿಗೆ ವಾಲೀತು, ಹಾಗಾಗಿ ಮುಖ್ಯಸ್ಥನ ಕಣ್ಣು ಎಳೆಯುವವರಿಗಿಂತ ತಡೆಯುವವರ ಮೇಲೆ ಇರುತ್ತದೆ. ಬುಡಕ್ಕೆ 'ಇಶಿಮೊಚಿ' ಎಂಬ ಭಾರಿ ತೊಲೆಗಳನ್ನು ಸೇರಿಸುವುದು, ಮಾಡು ಕಟ್ಟುವುದು, ಚಕ್ರ ತೊಡಿಸುವುದು ಇದರ ನಂತರದ ಕೆಲಸ. ಮೇಲೆ ಅಷ್ಟು ಉದ್ದದ ಕಂಬವಿದ್ದೂ ತೇರು ಉರುಳದಿರುವುದಕ್ಕೆ ಕೆಳಗಿನ ಈ ತೊಲೆಗಳ ಭಾರವೇ ಕಾರಣ.

ಕೆಲಸಕ್ಕೆ ಮೂರು ಬಣ. ಹಗ್ಗ ಮತ್ತು ಚೌಕಟ್ಟಿನವರು 'ತೆತ್ಸುದೈಕತ', ಮಾಡು ಮತ್ತು ಜಗಲಿಯ ಬಡಗಿಗಳು 'ದೈಕುಕತ', ಚಕ್ರ ತೊಡಿಸಿ ಮೆರವಣಿಗೆಯ ದಿನ ದಾರಿ ತಿದ್ದುವವರು 'ಕುರುಮಕತ'. ಒಂದು ಬಣ ಇನ್ನೊಂದರ ಕೆಲಸಕ್ಕೆ ಕೈ ಹಾಕುವುದಿಲ್ಲ. 2020 ಮತ್ತು 2021ರಲ್ಲಿ ಕೋವಿಡ್‌ನಿಂದಾಗಿ ಮೆರವಣಿಗೆ ನಿಂತಿತು. ಆದರೂ 2021ರಲ್ಲಿ ಹಲವು ಕೇರಿಗಳು, ಎಳೆಯಲಾಗದಿದ್ದರೂ, ತೇರು ಕಟ್ಟಿ ಬಿಚ್ಚಿದವು. ಕಾರಣ ಸರಳ: ಈ ವಿದ್ಯೆ ಕೈಯಲ್ಲಿರುವಂಥದ್ದು, ಎರಡು ವರ್ಷ ಬಿಟ್ಟರೆ ಹೊಸಬನಿಗೆ ಕಲಿಯುವ ಅವಕಾಶವೇ ತಪ್ಪುತ್ತದೆ, ಹಳಬನಿಗೂ ಮರೆಯುತ್ತದೆ. ಹಬ್ಬದ ತಿರುಳು ಎಲ್ಲಿದೆ ಎಂದು ಆ ಕೇರಿಯವರಿಗೆ ಗೊತ್ತಿತ್ತು.

ನಿಮ್ಮ ಕೈಗೂ ಹಗ್ಗ

ಮೆರವಣಿಗೆಯ ದಿನ ಹಗ್ಗ ಎಳೆಯುವವರು ಮೊದಲೇ ಗೊತ್ತಾದವರು. ಆದರೆ 12ನೇ ತಾರೀಕಿನ ಮಧ್ಯಾಹ್ನ ಕಟ್ಟಿ ಮುಗಿದ ಹೊಕೊಗಳನ್ನು ಪರೀಕ್ಷೆಗೆಂದು ಬೀದಿಯಲ್ಲಿ ಸ್ವಲ್ಪ ದೂರ ಎಳೆಯುತ್ತಾರೆ. ಇದು 'ಹಿಕಿಝೊಮೆ'. ಇದರಲ್ಲಿ ಯಾರು ಬೇಕಾದರೂ ಹಗ್ಗ ಹಿಡಿಯಬಹುದು, ಮಕ್ಕಳು, ಪ್ರವಾಸಿಗರು, ದಾರಿಹೋಕರು. ಎಳೆದವರಿಗೆ ವರ್ಷವಿಡೀ ಕೇಡು ತಟ್ಟದು ಎಂಬ ನಂಬಿಕೆ. ಶಿಜೊ ರಸ್ತೆ ಮತ್ತು ಅದರ ಆಸುಪಾಸಿನ ಬೀದಿಗಳಲ್ಲಿ 2 ಗಂಟೆಯಿಂದ 3.30ರ ತನಕ ಒಂದಾದ ಮೇಲೊಂದು ಹೊಕೊ ಹೊರಡುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ ಹಗ್ಗದ ಪಕ್ಕ ನಿಲ್ಲಿ. ಹೆಬ್ಬೆರಳು ಗಾತ್ರದ ಹಗ್ಗವನ್ನು ಊಹಿಸಿಕೊಂಡು ಹೋಗಬೇಡಿ, ಎರಡೂ ಕೈ ಬೇಕು. ಚಪ್ಪಲಿ ಬೇಡ, ಬೂಟು ಹಾಕಿ, ಹಿಂದಿನವರು ಹಿಮ್ಮಡಿ ತುಳಿಯುತ್ತಾರೆ. ನಿಲ್ಲಿ ಎಂಬ ಕೂಗು ಬಂದ ತಕ್ಷಣ ಎಳೆಯುವುದನ್ನು ಬಿಡಬೇಕು, ಆದರೆ ಹಗ್ಗ ಕೆಳಗೆ ಹಾಕಬಾರದು. ಎರಡನೇ ಮೆರವಣಿಗೆಯ ತೇರುಗಳಿಗೆ ಇದೇ ಅವಕಾಶ 20ನೇ ತಾರೀಕು ಮಧ್ಯಾಹ್ನ 3ರ ಹೊತ್ತಿಗೆ, ಶಿನ್‌ಮಚಿ ಮತ್ತು ಸುತ್ತಲಿನ ಕಿರಿದಾದ ಬೀದಿಗಳಲ್ಲಿ. ಜನ ಕಡಿಮೆ, ಜಾಗ ಹೆಚ್ಚು ಆಪ್ತ.

ದೀಪದ ಸಂಜೆಗಳು

14, 15, 16ರ ಸಂಜೆಗಳು 'ಯೊಇಯಾಮ'. ತೇರುಗಳ ಮುಂದೆ ಕಾಗದದ ಲಾಟೀನುಗಳ ಗೋಡೆ, ಮೇಲೆ ಕೂತವರ 'ಕೊನ್ ಚಿಕಿ ಚಿನ್' ಎನ್ನುವ ಗಂಟೆಯ ಸದ್ದು. 15 ಮತ್ತು 16ರಂದು ಶಿಜೊ ರಸ್ತೆಯಲ್ಲಿ ಸಂಜೆ 6ರಿಂದ ವಾಹನ ಬಂದ್, ಕಾಲಿಡಲಾಗದ ಜನ. ಜನಜಂಗುಳಿ ಒಗ್ಗದವರು 14ರಂದು ಹೋಗಲಿ, ಇಲ್ಲವೇ 21ರಿಂದ 23ರ ತನಕದ ಎರಡನೇ ಯೊಇಯಾಮಕ್ಕೆ. ಆಗ ತಿಂಡಿ ಅಂಗಡಿಗಳ ಸಾಲಿಲ್ಲ, ಬೀದಿ ಕತ್ತಲು, ಗಂಟೆಯ ಸದ್ದು ಒಂದು ಕೇರಿಯಿಂದ ಇನ್ನೊಂದಕ್ಕೆ ಸ್ಪಷ್ಟವಾಗಿ ಕೇಳುತ್ತದೆ. ನನ್ನ ಮತ ಇದಕ್ಕೇ.

ಕೆಲವು ತೇರುಗಳನ್ನು ಹತ್ತಲು ಬಿಡುತ್ತಾರೆ. ಕೇರಿಯ ಸಭಾಮನೆಯ ಮೇಲ್ಮಹಡಿಯಿಂದ ತೇರಿಗೆ ಮರದ ಸೇತುವೆ ಹಾಕಿರುತ್ತಾರೆ. ಹಲವೆಡೆ 'ಚಿಮಕಿ' ಎಂಬ ರಕ್ಷೆ ಕೊಂಡರೆ ಅದೇ ಟಿಕೆಟ್ಟು. ಮುಂದಾಳು ತೇರಾದ ನಗಿನತ-ಹೊಕೊ ಮೇಲೆ ಹೆಂಗಸರಿಗೆ ಇಂದಿಗೂ ಪ್ರವೇಶವಿಲ್ಲ, ಸಾಲಿನಲ್ಲಿ ಕಾದು ನಿಲ್ಲುವ ಮೊದಲೇ ಇದು ಗೊತ್ತಿರಲಿ. ಈ ನಿಯಮ ಬದಲಾಗಬೇಕೆಂದು ನನ್ನ ಆಸೆ.

ಚಿಮಕಿಯ ವಿಷಯದಲ್ಲಿ ತಪ್ಪು ಮಾಡುವವರು ಬಹಳ. ಜಪಾನಿನಲ್ಲಿ ಇದೇ ಹೆಸರಿನ, ಎಲೆಯಲ್ಲಿ ಸುತ್ತಿದ ಅಕ್ಕಿಯ ತಿಂಡಿಯಿದೆ. ಹಬ್ಬದ ಚಿಮಕಿಯೊಳಗೆ ಬರೀ ಹುಲ್ಲು. ಇದು ಬಾಗಿಲ ಮೇಲೆ ಕಟ್ಟುವ ರಕ್ಷೆ. ಅದರಲ್ಲಿರುವ ಚೀಟಿಯಲ್ಲಿ 'ನಾವು ಸೊಮಿನ್ ಶೊರೈಯ ಸಂತತಿ' ಎಂದು ಬರೆದಿರುತ್ತದೆ. ದಣಿದು ಬಂದ ಅಪರಿಚಿತನಿಗೆ ಶ್ರೀಮಂತ ಸಹೋದರ ಬಾಗಿಲು ಹಾಕಿದ, ಬಡವ ಸೊಮಿನ್ ನವಣೆಯಂಥ ಒರಟು ಧಾನ್ಯದ ಊಟ ಹಾಕಿ ಮಲಗಲು ಜಾಗ ಕೊಟ್ಟ. ಬಂದವನು ದೇವರಾಗಿದ್ದ. ಹುಲ್ಲಿನ ಬಳೆ ತೊಟ್ಟು ಸೊಮಿನ್‌ನ ಮನೆಯವರೆಂದು ಹೇಳಿಕೊಂಡವರಿಗೆ ರೋಗ ತಟ್ಟದು ಎಂದು ಮಾತು ಕೊಟ್ಟ. ಕ್ಯೋಟೊದ ಮನೆಗಳ ಬಾಗಿಲ ಮೇಲೆ ಒಣಗಿದ ಎಲೆಯ ಕಟ್ಟು ಕಂಡರೆ ಅದು ಇದೇ. ಸುತ್ತುವ ಬಿದಿರುಜಾತಿಯ ಅಗಲ ಎಲೆ ನಗರದ ಉತ್ತರದ ಬೆಟ್ಟಗಳಲ್ಲಿ ಬೆಳೆಯುತ್ತದೆ. 2004ರಿಂದ 2007ರ ನಡುವೆ ಆ ಗಿಡಗಳೆಲ್ಲ ಒಟ್ಟಿಗೆ ಹೂಬಿಟ್ಟು ಒಣಗಿದವು, ಹೊಸ ಚಿಗುರನ್ನು ಜಿಂಕೆಗಳು ಮೇಯ್ದವು. ಬೇಲಿ ಹಾಕಿ ಮತ್ತೆ ಬೆಳೆಸುವ ಕೆಲಸ ನಡೆದಿದೆ.

ಇದೇ ಸಂಜೆಗಳಲ್ಲಿ ನಮ್ಮವರು ತಪ್ಪದೆ ನೋಡಬೇಕಾದದ್ದು ಜವಳಿ. ಕ್ಯೋಟೊದ ವರ್ತಕ ಕೇರಿಗಳು ಒಂದಕ್ಕೊಂದು ಪೈಪೋಟಿಗೆ ಬಿದ್ದು ದೂರದೇಶದ ಬಟ್ಟೆ ಕೊಂಡು ತೇರಿಗೆ ಹೊದಿಸಿದವು. 16ನೇ ಶತಮಾನದಲ್ಲಿ ಇಂದಿನ ಬೆಲ್ಜಿಯಂನಲ್ಲಿ ನೇಯ್ದ ಚಿತ್ರಪರದೆಗಳಿವೆ. ಒಂದರಲ್ಲಿ ಬೈಬಲ್ಲಿನ ರೆಬೆಕ್ಕ ನೀರು ಕೊಡುವ ದೃಶ್ಯ. ಕ್ರೈಸ್ತ ಧರ್ಮಕ್ಕೆ ನಿಷೇಧವಿದ್ದ ಕಾಲದಲ್ಲೂ ಅದು ಬೀದಿಯಲ್ಲಿ ಮೆರೆಯಿತು. ಇವುಗಳ ಜೊತೆ ಮೊಘಲ್ ಕಾಲದ ಜಮಖಾನೆಗಳಿವೆ, ದಖ್ಖನಿನಲ್ಲಿ ನೇಯ್ದವೆಂದು ತಜ್ಞರು ಗುರುತಿಸಿದ 17-18ನೇ ಶತಮಾನದ ಜಮಖಾನೆಗಳಿವೆ. ಡಚ್ಚರ ಹಡಗಿನಲ್ಲಿ ನಾಗಸಾಕಿಯ ದೆಜಿಮಾಕ್ಕೆ ಇಳಿದು ಇಲ್ಲಿಗೆ ಬಂದವು. ಮಿನಾಮಿ ಕನ್ನೊನ್-ಯಾಮ ಎಂಬ ತೇರಿನ ಕೇರಿಯವರ ಬಳಿ 1684ರ ಬರಹವಿರುವ ಭಾರತದ ಚೀಟಿಬಟ್ಟೆ ಇದೆ. ನಮ್ಮಲ್ಲಿ ಕಾಲಿನ ಕೆಳಗೆ ಹಾಸಿ ತುಳಿದು ಹರಿದುಹೋದಂಥ ಜಮಖಾನೆಗಳು ಅಲ್ಲಿ ತೇರಿನ ಮೈಮೇಲಿದ್ದು, ವರ್ಷಕ್ಕೆ ಕೆಲವೇ ದಿನ ಬೆಳಕು ಕಂಡು, ಬಣ್ಣ ಉಳಿಸಿಕೊಂಡಿವೆ. ಮೆರವಣಿಗೆಯ ದಿನ ಹಲವು ತೇರುಗಳಿಗೆ ಹೊಸದಾಗಿ ನೇಯ್ದ ಪ್ರತಿಗಳನ್ನೇ ಹೊದಿಸುತ್ತಾರೆ. ಮೂಲ ಬಟ್ಟೆ ನೋಡಲು ಯೊಇಯಾಮದ ಸಂಜೆ ಸಭಾಮನೆಗಳಿಗೇ ಹೋಗಬೇಕು.

ತಿರುವು

17ರ ಬೆಳಗ್ಗೆ. ನಗಿನತ-ಹೊಕೊ ಮುಂದೆ, ಅದಕ್ಕೆ ಚೀಟಿಯ ಹಂಗಿಲ್ಲ. ಇನ್ನುಳಿದ ಬಹುಪಾಲು ತೇರುಗಳ ಕ್ರಮ ಜುಲೈ 2ರಂದು ನಗರಸಭೆಯಲ್ಲಿ ಚೀಟಿ ಎತ್ತಿ ತೀರ್ಮಾನವಾಗಿರುತ್ತದೆ. ನಗಿನತ ಮೇಲೆ ಕೂತ ದೇವಬಾಲಕ ರಸ್ತೆಗೆ ಅಡ್ಡ ಕಟ್ಟಿದ ಪವಿತ್ರ ಹಗ್ಗವನ್ನು ಕತ್ತಿಯಿಂದ ಕಡಿದ ಮೇಲೆ ದಾರಿ ತೆರೆಯುತ್ತದೆ. ಶಿಜೊ ರಸ್ತೆಯ ಸಿಗ್ನಲ್ ಕಂಬಗಳನ್ನು ಮೊದಲೇ ಪಕ್ಕಕ್ಕೆ ಮಡಚಿರುತ್ತಾರೆ. ಮಾಡಿನ ಮೇಲೆ ನಿಂತವರು ತಂತಿ, ಸೂರು ತಾಗದಂತೆ ಕೈಯಲ್ಲೇ ತಳ್ಳುತ್ತಾ ಸಾಗುತ್ತಾರೆ.

ಹೊಕೊಗೆ ದಿಕ್ಕು ಬದಲಿಸುವ ವ್ಯವಸ್ಥೆ ಇಲ್ಲ, ಅಚ್ಚು ಕದಲುವುದಿಲ್ಲ. ನೇರ ದಾರಿಯಲ್ಲಿ ಕುರುಮಕತದವರು ಉದ್ದ ಹಿಡಿಯ ಬೆಣೆಗಳನ್ನು ಚಕ್ರದಡಿಗೆ ಕೊಟ್ಟು ಇಂಚು ಇಂಚು ತಿದ್ದುತ್ತಾರೆ, ನಮ್ಮ ತೇರುಗಳ ಚಕ್ರಕ್ಕೆ ಅಡ್ಡಗೊಡುವವರ ಹಾಗೆಯೇ. 90 ಡಿಗ್ರಿ ತಿರುವಿಗೆ ಮಾತ್ರ ಬೇರೆ ಉಪಾಯ, 'ತ್ಸುಜಿಮವಾಶಿ'. ತೇರು ವೃತ್ತದ ನಡುವೆ ನಿಲ್ಲುತ್ತದೆ. ಸೀಳಿದ ಹಸಿ ಬಿದಿರಿನ ಪಟ್ಟಿಗಳನ್ನು ಮುಂದಿನ ಚಕ್ರಗಳ ಮುಂದೆ ಹಾಸಿ, ತೇರನ್ನು ಅವುಗಳ ಮೇಲೆ ಹತ್ತಿಸುತ್ತಾರೆ. ಬಕೆಟ್ಟುಗಳಲ್ಲಿ ನೀರು ಹುಯ್ಯುತ್ತಾರೆ. ಎಳೆಯುವ ಹಗ್ಗವನ್ನು ಪಕ್ಕಕ್ಕೆ ಬದಲಿಸುತ್ತಾರೆ. ಜಗಲಿಯ ಮೇಲೆ ಬೀಸಣಿಗೆ ಹಿಡಿದು ನಿಂತವರು, ಮಾಮೂಲಿಗೆ ಇಬ್ಬರು, ಇಲ್ಲಿ ನಾಲ್ವರು, ಮೈ ಬಾಗಿಸಿ 'ಯೋಯ್ ಯೋಯ್, ಎನ್ಯಾರಯಾ' ಎಂದು ಕೂಗುತ್ತಾರೆ. ನಲವತ್ತು ಐವತ್ತು ಜನ ಒಂದೇ ಉಸಿರಿಗೆ ಎಳೆದಾಗ ಮುಂದಿನ ಚಕ್ರಗಳು ಉರುಳದೆ ಅಡ್ಡಕ್ಕೆ ಜಾರುತ್ತವೆ. ಹಿಂದಿನ ಚಕ್ರಗಳು ನೆಟ್ಟ ಗೂಟದಂತೆ ನಿಂತು ತಿರುಗುತ್ತವೆ. ಒಂದೆಳೆತಕ್ಕೆ ಸುಮಾರು ಮೂವತ್ತು ಡಿಗ್ರಿ. ಮತ್ತೆ ಬಿದಿರು, ಮತ್ತೆ ನೀರು, ಮತ್ತೆ ಕೂಗು. ಮೂರು ಎಳೆತಕ್ಕೆ ತಿರುವು ಮುಗಿದರೆ ಜನ ಹೋ ಎನ್ನುತ್ತಾರೆ.

ಕೆಡುವುದು ಬಹುಮಟ್ಟಿಗೆ ಎರಡು ಕಡೆ. ನೀರು ಸಾಲದಿದ್ದರೆ ಚಕ್ರ ಬಿದಿರನ್ನು ಕಚ್ಚುತ್ತದೆ, ಎಳೆತದ ಬಲವೆಲ್ಲ ಚೌಕಟ್ಟನ್ನು ತಿರುಚುವುದಕ್ಕೆ ಹೋಗುತ್ತದೆ. ಮಧ್ಯಾಹ್ನಕ್ಕೆ ಡಾಂಬರು ಕಾದಷ್ಟೂ ಹುಯ್ದ ನೀರು ಬೇಗ ಆರುವುದರಿಂದ ಕೊನೆಯ ತೇರುಗಳಿಗೆ ಇದು ಹೆಚ್ಚು ಕಷ್ಟ. ಇನ್ನೊಂದು, ಎಳೆತ ಚೂರುಚೂರಾಗಿ ಬಂದರೆ ತೇರು ಅಲುಗುತ್ತದೆ, ತಿರುಗುವುದಿಲ್ಲ, ಮೇಲಿನ ಕಂಬ ಮಾತ್ರ ಓಲಾಡುತ್ತದೆ. ಅದಕ್ಕೇ ಬೀಸಣಿಗೆಯವರು ಕೂಗುವ ಮೊದಲು ಅಷ್ಟು ಹೊತ್ತು ಸುಮ್ಮನಿರುವುದು, ಹಗ್ಗದಲ್ಲಿ ಸಡಿಲ ಉಳಿದಿಲ್ಲ ಎಂದು ಖಾತ್ರಿಯಾಗುವ ತನಕ ಅವರು ಕೈ ಎತ್ತುವುದಿಲ್ಲ.

ದುಡ್ಡಿನ ಕುರ್ಚಿಗಳಿರುವುದು ಓಇಕೆ ರಸ್ತೆಯಲ್ಲಿ. ಮೂಲೆಗೆ ಹತ್ತಿರದ ಸಾಲಲ್ಲದಿದ್ದರೆ ಅಲ್ಲಿಂದ ತಿರುವು ಕಾಣದು. ಶಿಜೊ-ಕವಾರಮಚಿ ವೃತ್ತದಲ್ಲಿ ಕಾಣುತ್ತದೆ, ಆದರೆ ಬೆಳಗ್ಗೆ ಏಳಕ್ಕೆ ಮೊದಲೇ ನಿಲ್ಲಬೇಕು. ನಾನು ಹೇಳುವುದು ಓಇಕೆ-ಶಿನ್‌ಮಚಿ ಮೂಲೆ. ಅಗಲ ರಸ್ತೆಯಿಂದ ತೇರು ಕಿರುಬೀದಿಗೆ ತಿರುಗಿ, ಮನೆಗಳ ಸೂರಿಗೆ ಮೈ ತಾಗಿಸುವಷ್ಟು ಹತ್ತಿರದಲ್ಲಿ ಹಾಯುತ್ತದೆ. 24ರ ಮೆರವಣಿಗೆಯಲ್ಲಿ 11 ತೇರು, ದಿಕ್ಕು ಉಲ್ಟಾ, ಕಾರಾಸುಮ-ಓಇಕೆಯಿಂದ ಬೆಳಗ್ಗೆ 9.30ಕ್ಕೆ ಹೊರಟು ಶಿಜೊಗೆ ಬರುತ್ತದೆ. 1966ರಲ್ಲಿ ಎರಡೂ ಮೆರವಣಿಗೆಗಳನ್ನು ಒಂದೇ ದಿನಕ್ಕೆ ಸೇರಿಸಿದ್ದರು. 1864ರ ಬೆಂಕಿಯಲ್ಲಿ ಸುಟ್ಟ ಓಫುನೆ-ಹೊಕೊ ಎಂಬ ಹಡಗು ತೇರು 150 ವರ್ಷಗಳ ನಂತರ 2014ರಲ್ಲಿ ಮರಳಿದಾಗ ಹಳೆಯಂತೆ ಬೇರೆ ಮಾಡಿದರು. 1826ರ ಮಳೆಗಾಳಿಗೆ ಕೆಟ್ಟು ನಿಂತಿದ್ದ ತಕಯಾಮ ಎಂಬ ತೇರು 2022ರಲ್ಲಿ ಮೆರವಣಿಗೆಗೆ ಮರಳಿ ಬಂತು.

ಎರಡೂ ಮೆರವಣಿಗೆಗಳಿಗೆ ಒಂದೇ ಮಾತು: ನೀರು, ಟೋಪಿ, ಉಪ್ಪು ಸೇರಿದ ಏನಾದರೂ. ಜುಲೈ ನಡುವಿನ ಕ್ಯೋಟೊ ಬೆಟ್ಟಗಳ ನಡುವಿನ ಬೋಗುಣಿಯಂತೆ ಕಾಯುತ್ತದೆ. ಕೊಡೆ ಬಿಚ್ಚಬೇಡಿ, ಹಿಂದಿನವರಿಗೆ ಏನೂ ಕಾಣುವುದಿಲ್ಲ. ಮಳೆ ಬಂದರೆ ತೇರಿಗೆ ಪ್ಲಾಸ್ಟಿಕ್ ಹೊದಿಕೆ ಬೀಳುತ್ತದೆ, ಮೆರವಣಿಗೆ ನಿಲ್ಲುವುದು ಬಹಳ ಅಪರೂಪ. 2015ರಲ್ಲಿ ಚಂಡಮಾರುತದ ಮಳೆಯಲ್ಲೂ ನಡೆಯಿತು.

ಮಧ್ಯಾಹ್ನದ ನಂತರ

ಈಗ ಊಟಕ್ಕೆ ಹೋಗಬೇಡಿ. ನಿಮಗಿಷ್ಟವಾದ ಒಂದು ತೇರನ್ನು ಹಿಂಬಾಲಿಸಿ ಅದರ ಕೇರಿಗೆ ಹೋಗಿ. ವಾದ್ಯದವರು ಕೊನೆಯ ಬಾರಿಗೆ ಬಿರುಸಾಗಿ ನುಡಿಸುತ್ತಾರೆ, ಕೇರಿಯವರು ಚಪ್ಪಾಳೆ ತಟ್ಟುತ್ತಾರೆ, ಇಳಿದವರು ಬೆವರು ಒರೆಸಿಕೊಳ್ಳುವಷ್ಟರಲ್ಲೇ ಪರದೆಗಳ ದಾರ ಬಿಚ್ಚತೊಡಗಿರುತ್ತದೆ. ಬಟ್ಟೆ ಹೋದ ಕೂಡಲೇ ಹತ್ತನೇ ತಾರೀಕಿನ ಆ ಹಗ್ಗದ ಕಟ್ಟುಗಳು ಮತ್ತೆ ಹೊರಬರುತ್ತವೆ. ಈಗ ಅವು ಬಿಳಿಯಾಗಿಲ್ಲ. ತಿರುವುಗಳಲ್ಲಿ ಭಾರ ಹೊತ್ತ ಸಂದುಗಳಲ್ಲಿ ಹಗ್ಗ ಮರಕ್ಕೆ ಕಚ್ಚಿಕೊಂಡು ನಾರು ಎದ್ದಿರುತ್ತದೆ. ಎರಡು ಮೂರು ದಿನ ಕಟ್ಟಿದ್ದನ್ನು ಕತ್ತರಿಸಲು ನಿಮಿಷಗಳು ಸಾಕು. ಮುಂದಿನ ವರ್ಷಕ್ಕೆ ಹೊಸ ಹಗ್ಗ. ಆ ಹಗ್ಗಕ್ಕೆ ಉದ್ದನೆಯ ಒಳ್ಳೆ ಹುಲ್ಲು ಬೇಕು, ಕೊಯ್ಲಿನ ಯಂತ್ರಗಳು ಹುಲ್ಲನ್ನು ಅಲ್ಲೇ ಕೊಚ್ಚಿ ಗದ್ದೆಗೆ ಚೆಲ್ಲುವ ಕಾಲದಲ್ಲಿ ಅದನ್ನು ಹೊಂದಿಸುವುದೇ ಒಂದು ಚಿಂತೆ. ಕೇರಿಗಳಲ್ಲಿ ವಾಸದ ಮನೆಗಳು ಕಡಿಮೆಯಾಗಿ ಕಚೇರಿಗಳೂ ಅಪಾರ್ಟ್‌ಮೆಂಟುಗಳೂ ಎದ್ದಿವೆ. ಹಗ್ಗ ಎಳೆಯುವ ಕೈಗಳಲ್ಲಿ ಹಲವು ಕಾಲೇಜು ಹುಡುಗರವು, ಹೊರಗಿನ ಸ್ವಯಂಸೇವಕರವು. ಹಬ್ಬ ಉಳಿಸಲು ಅಪಾರ್ಟ್‌ಮೆಂಟಿನ ಹೊಸಬರನ್ನೂ ಒಳಗೆ ಸೇರಿಸಿಕೊಂಡ ಕೇರಿಗಳು ಒಳ್ಳೆಯದನ್ನೇ ಮಾಡಿವೆ.

ಬೀದಿ ಹೀಗೆ ಶುದ್ಧವಾಗುವುದು ಒಬ್ಬರ ಬರವಿಗಾಗಿ. ಅದೇ ಸಂಜೆ 6ರ ನಂತರ ಯಾಸಕ ಗುಡಿಯ ಪಶ್ಚಿಮದ ಮೆಟ್ಟಿಲುಗಳ ಕೆಳಗೆ ಮೂರು ಮಿಕೊಶಿಗಳು, ಅಂದರೆ ದೇವರ ಪಲ್ಲಕ್ಕಿಗಳು, ಸೇರುತ್ತವೆ. ಒಂದಕ್ಕೆ ಆರು ಮೂಲೆ, ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಎಂಟು. ಒಂದೊಂದೂ ಸುಮಾರು ಎರಡು ಟನ್. ನೂರಾರು ಗಂಡಸರು 'ಹೊಯ್ತೊ, ಹೊಯ್ತೊ' ಎಂದು ಅವುಗಳನ್ನು ತಲೆಯ ಮೇಲಕ್ಕೆ ಎತ್ತಿ ಕುಣಿಸುತ್ತಾರೆ. ಬೆಳಗಿನ ಮೆರವಣಿಗೆಯ ಸಂಯಮ ಇಲ್ಲಿಲ್ಲ. ಇದೇ ದೇವರ ಹಬ್ಬ. ಬೆಳಗ್ಗೆ ನಡೆದದ್ದು ಅವನ ದಾರಿ ಗುಡಿಸುವ ಕೆಲಸ. 1533ರಲ್ಲಿ ಅಧಿಕಾರದಲ್ಲಿದ್ದವರು ಗುಡಿಯ ವಿಧಿಗಳನ್ನು ತಡೆದಾಗ ಕೇರಿಯವರು 'ವಿಧಿ ಇಲ್ಲದಿದ್ದರೂ ತೇರು ಎಳೆಯಲು ಬಿಡಿ' ಎಂದು ಕೇಳಿಕೊಂಡ ದಾಖಲೆ ಇದೆ. ತೇರು ಊರಿನವರದು, ಪಲ್ಲಕ್ಕಿ ಗುಡಿಯದು, ಎರಡೂ ಒಂದೇ ದಿನ ಒಂದೇ ಬೀದಿಯಲ್ಲಿ ಭೇಟಿಯಾಗದೆ ಹಾಯುತ್ತವೆ.

ಪಲ್ಲಕ್ಕಿಗಳು ಶಿಜೊ ರಸ್ತೆಯ ಒತಾಬಿಶೊ ಎಂಬ ತಂಗುಮನೆಯಲ್ಲಿ 24ರ ತನಕ ಉಳಿಯುತ್ತವೆ. ಅಂಗಡಿಗಳ ನಡುವಿನ ಜಾಗವದು, ಗೊತ್ತಿಲ್ಲದವರು ದಾಟಿಹೋಗುತ್ತಾರೆ. ಆ ಏಳು ರಾತ್ರಿ ಯಾರೊಡನೆಯೂ ಮಾತಾಡದೆ ಅಲ್ಲಿಗೆ ನಡೆದು ಹೋಗಿ ಕೈಮುಗಿದರೆ ಬೇಡಿದ್ದು ಆಗುತ್ತದೆಂಬ ನಂಬಿಕೆ ಗಿಯೊನ್ ಬಡಾವಣೆಯ ಕಲಾವಿದೆಯರಲ್ಲಿ ಹಳೆಯದು. ಆ ರಾತ್ರಿಗಳಲ್ಲಿ ಕಿಮೊನೊ ತೊಟ್ಟು ಒಬ್ಬಳೇ ನಡೆಯುತ್ತಿರುವ ಹೆಣ್ಣುಮಗಳು ಕಂಡರೆ ಫೋಟೊಗೆ ಕರೆಯಬೇಡಿ, ದಾರಿ ಕೂಡ ಕೇಳಬೇಡಿ.

ಒಂದೇ ದಿನ ಇರುವವರಿಗೆ ನಾನು ಹೇಳುವುದು 11ನೇ ತಾರೀಕು, ಕಂಬ ಏಳುವ ದಿನ. ಎರಡು ದಿನವಾದರೆ 11 ಮತ್ತು 12. 17ಕ್ಕೇ ಹೋಗುವವರು ಬೆಳಗಿನ ಹೊತ್ತನ್ನು ಕಿರಿದು ಮಾಡಿಕೊಂಡು, ಮಧ್ಯಾಹ್ನ ಕೇರಿಗೂ ಸಂಜೆ ಮೆಟ್ಟಿಲ ಕೆಳಗೂ ಕಾಲಿನ ಶಕ್ತಿ ಉಳಿಸಿಕೊಳ್ಳಲಿ. ತಿಂಗಳ ಕೊನೆಗೆ ಊರಲ್ಲಿದ್ದರೆ 31ರಂದು ಯಾಸಕದ ಆವರಣದೊಳಗೇ ಇರುವ ಎಕಿ ಗುಡಿಗೆ ಹೋಗಿ. ಅಲ್ಲಿರುವ ದೇವರು ಸೊಮಿನ್ ಶೊರೈ, ಊಟ ಹಾಕಿದ ಆ ಬಡವ. ಗುಡಿಯ ಬಾಗಿಲಿಗೆ ಆಳೆತ್ತರದ ಹುಲ್ಲಿನ ಬಳೆ ಕಟ್ಟಿರುತ್ತಾರೆ. ಜನ ಒಬ್ಬೊಬ್ಬರಾಗಿ ಅದರೊಳಗೆ ಹಾದು ಹೋಗುತ್ತಾರೆ, ವರ್ಷ ಮುಗಿದ ಹಳೆಯ ಚಿಮಕಿಯನ್ನು ಹೊಸದಕ್ಕೆ ಬದಲಿಸಿದವರ ಮನೆಯ ಬಾಗಿಲ ಮೇಲೆ ಎಲೆ ಇನ್ನೂ ಹಸಿರಾಗಿರುತ್ತದೆ.